ಮೂವತ್ತೇಳನೇ ಪ್ರಶ್ನೆ

ವಾಡಿಯ ಸರಕಾರಿ ಪ್ರೌಢಶಾಲೆ, ಕೋಣೆ ನಂಬರ್ ಮೂರು.
ಇಪ್ಪತ್ತನಾಲ್ಕು ಮಕ್ಕಳು, ಇಪ್ಪತ್ತನಾಲ್ಕು ಓಎಂಆರ್ ಹಾಳೆ,
ಮೇಲ್ವಿಚಾರಣೆಗೆ ಚಿತ್ತಾಪುರದಿಂದ ಬಂದ ನಾನು.
ಕಲಿಸುವುದು ಹಿಂದಿ.
ವಿದ್ಯಾರ್ಥಿವೇತನದ ಪರೀಕ್ಷೆ. ಮಾತಾಡುವಂತಿಲ್ಲ,
ಬೆರಳು ತೋರುವಂತಿಲ್ಲ, ಯಾರ ಬೆಂಚಿನ ಬಳಿಯೂ
ಬಹಳ ಹೊತ್ತು ನಿಲ್ಲುವಂತಿಲ್ಲ.
ಉಳಿದದ್ದು ನಡೆಯುವುದೊಂದೇ.

ಕಿಟಕಿ ಮುಚ್ಚಿದರೂ ಸಿಮೆಂಟು ಬರುತ್ತದೆ ಇಲ್ಲಿ.
ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಹತ್ತೂವರೆಗೆಲ್ಲ
ಮತ್ತೆ ಬೂದಿಬಣ್ಣದ ತೆಳು ಪದರ.
ಮೂರನೇ ಸಾಲಿನ ಸಾಬಮ್ಮ,
ಹಾಲ್ ಟಿಕೆಟ್ಟಿನ ಫೋಟೊದಲ್ಲಿ ಬೇರೆ ಯಾರೋ, ಕಿವಿ ಮಾತ್ರ ಅವಳದೇ,
ಆ ಧೂಳಿನಲ್ಲೇ ಬೆರಳಿಂದ ಗೆರೆ ಎಳೆದಿದ್ದಾಳೆ.
ಎರಡೂ ತುದಿಗೆ ಬಾಣ, ನಡುವೆ ಸೊನ್ನೆ.

ಪ್ರಶ್ನೆ ಮೂವತ್ತೇಳು:
ಸಂಖ್ಯಾರೇಖೆಯ ಮೇಲೆ ಅ, ಬ, ಕ ಮೂರು ಬಿಂದುಗಳು.
ಅ ಮತ್ತು ಬ ನಡುವೆ ಏಳು ಮಾನ. ಬ ಮತ್ತು ಕ ನಡುವೆ ನಾಲ್ಕು.
ಹಾಗಾದರೆ ಅ ಮತ್ತು ಕ ನಡುವೆ?
ಹನ್ನೊಂದು ಮಾತ್ರ. ಮೂರು ಮಾತ್ರ.
ಹನ್ನೊಂದು ಅಥವಾ ಮೂರು. ಯಾವುದೂ ಅಲ್ಲ.

ಸೊನ್ನೆಯ ಮೇಲೇ ಅ ಕೂರಿಸಿದಳು, ಬಲಕ್ಕೆ ಏಳು ಗೀಟು ದಾಟಿ ಬ,
ಮತ್ತೂ ನಾಲ್ಕು ದಾಟಿ ಕ.
ಬೆಂಚೇ ಮುಗಿಯಿತು.
ಪೆನ್ನು ಮೊದಲ ವೃತ್ತದ ಮೇಲೆ ಬಂದು ನಿಂತಿತು,
ಬಾವಿಯ ಬಾಯಿಗೆ ಇಳಿಬಿಟ್ಟ ಕೊಡದ ಹಾಗೆ,
ಹಗ್ಗ ಇನ್ನೂ ಕೈಯಲ್ಲಿ.

ಯಾರು ಹೇಳಿದರು ನಿನಗೆ, ಕ ಎಂಬುದು
ಬ ದಾಟಿಯೇ ಇರಬೇಕೆಂದು?
ಅಂತರಕ್ಕೆ ಮುಖವಿಲ್ಲ ಮಗಳೇ, ಅದು ಬರೀ ಅಳತೆ,
ಎಡವೋ ಬಲವೋ ಬಾಯಿ ಬಿಡುವುದಿಲ್ಲ.
ಇಷ್ಟೂ ನನ್ನ ಬಾಯೊಳಗೇ,
ನುಂಗಲೂ ಉಗುಳಲೂ ಆಗದ ಬಿಸಿ ಚಹಾ.

ಆಗ ಆ ಕೆಲಸ ಮಾಡಿದೆ. ಯಾರಿಗೂ ಹೇಳಿಲ್ಲ ಇನ್ನೂ.
ನೆಲಕ್ಕೆ ಶಹಾಬಾದಿ ಪರಸಿ, ಒಂದೊಂದೂ ಒಂದು ಹೆಜ್ಜೆ ಅಗಲ.
ಅವಳ ಬೆಂಚಿನಿಂದ ಕರಿಹಲಗೆಯ ಕಡೆಗೆ
ಏಳು ಪರಸಿ ನಡೆದೆ, ಚಪ್ಪಲಿ ಸದ್ದಾಗುವಂತೆ.
ನಿಂತೆ. ಕೆಮ್ಮಿದೆ.
ತಿರುಗದೆ, ಹಾಗೇ ಹಿಂದಕ್ಕೆ, ನಾಲ್ಕು ಪರಸಿ ಬಂದೆ.
ಇದು ನಕಲಾ?
ಮೇಲ್ವಿಚಾರಕರು ಹಿಮ್ಮುಖ ನಡೆಯಬಾರದೆಂದು
ಸೂಚನಾಪತ್ರದಲ್ಲಿ ಬರೆದಿಲ್ಲ.
ಬರೆದಿಲ್ಲ ಅಂದರೆ ಸರಿ ಅಂತಲೂ ಅಲ್ಲ.
ಮತ್ತೊಮ್ಮೆ ನಡೆದೆ. ಏಳು. ನಾಲ್ಕು.
ಮುಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕೆಂದ.

ಹೊರಗೆ ಜಂಕ್ಷನ್ನಿನಲ್ಲಿ ಯಾವುದೋ ಗಾಡಿ ಬಂದು ನಿಂತು
ಬಹಳ ಹೊತ್ತಾಗಿತ್ತು. ಕೊಂಡಿ ಕಳಚುವ ಸದ್ದು,
ಒಂದು ಸಣ್ಣ ಸೀಟಿ, ಆಮೇಲೆ
ಇನ್ನೊಂದು ತುದಿಯಿಂದ ಕೊಂಡಿ ಬಿಗಿಯುವ ಢಣ್.
ಸಾಬಮ್ಮ ತಲೆಯೆತ್ತಿದಳು. ನನ್ನನ್ನಲ್ಲ, ಕಿಟಕಿಯನ್ನು ನೋಡಿದಳು.
ಅಂಗೈಯಿಂದ ಕ ಅಳಿಸಿದಳು,
ಬ ಈಚೆಗೆ ಬೇರೊಂದು ಕ ಬರೆದಳು,
ಏನನ್ನಿಸಿತೋ, ಅಳಿಸಿದ್ದನ್ನೂ ಮತ್ತೆ ಬರೆದಳು.
ಈಗ ಎರಡು ಕ. ಹಾಜರಿ ಕರೆದಾಗ
ಒಂದೇ ಹೆಸರಿನ ಇಬ್ಬರು ಒಟ್ಟಿಗೆ ಎದ್ದು ನಿಂತ ಹಾಗೆ.
ಮೂರನೇ ವೃತ್ತ ನಿಧಾನಕ್ಕೆ ಕಪ್ಪಾಯಿತು.

ಗಂಟೆ. ಹಾಳೆ ಎಣಿಸಿದೆ, ಇಪ್ಪತ್ತನಾಲ್ಕು. ಲಕೋಟೆಗೆ ಅರಗು.
ನಲ್ಲಿಯ ಬಳಿ ಅವಳೇ ಬಂದಳು, ಅಂಗೈತುಂಬ ಸಿಮೆಂಟು:
“ಮೇಡಂ, ನೀವ್ಯಾಕ ಹಂಗ ಹಿಂದಕ ಮುಂದಕ ಅಡ್ಡಾಡ್ಲಾಕತ್ತಿದ್ರಿ?
ಕಾಲ್ ಸಪ್ಪಳಕ್ಕ ನನ್ನ ಎಣಿಕಿ ಎರಡ್ ಸಲ ತಪ್ತು ನೋಡ್ರಿ.”
“ಮೂವತ್ತೇಳಕ್ಕ ಏನ್ ಹಾಕಿದಿ?” ಅಂದೆ, ಗೊತ್ತಿಲ್ಲದವಳಂತೆ.
“ಎರಡೂ ಆಗ್ತಾವಲ್ರಿ. ಗಾಡಿ ವಾಡಿಗಿ ಬಂದ್ಮ್ಯಾಲ
ಹಂಗೇ ಮುಂದ ಹೋಗ್ತದೋ,
ಎಂಜಿನ್ ಆ ಕಡಿ ಕಟ್ಕೊಂಡು ಹಿಂದ ಹೋಗ್ತದೋ,
ಬೋರ್ಡ್ ನೋಡಲಾರ್ದ ಹ್ಯಾಂಗ್ ಹೇಳ್ಬೇಕ್ರಿ?”

ಕೈ ತೊಳೆದುಕೊಂಡು ಬುತ್ತಿ ಬಿಚ್ಚಲು ಹೋದಳು.
ನಾನು ಛತ್ರಿ ಮರೆತವಳಂತೆ ಕೋಣೆಗೆ ವಾಪಸ್ಸಾದೆ.
ಗೆರೆ ಇನ್ನೂ ಇತ್ತು, ಎರಡು ಬಾಣ, ಎರಡು ಕ.
ಜವಾನ ಒದ್ದೆ ಬಟ್ಟೆ ಹಿಡಿದು ಬರುತ್ತಿದ್ದ.
ಆ ಬೆಂಚು ಬಿಡಪ್ಪಾ ಅನ್ನಬೇಕೆನಿಸಿತು, ಅನ್ನಲಿಲ್ಲ.
ಒರೆಸಲಿ. ಊಟ ಮುಗಿಯುವಷ್ಟರಲ್ಲಿ
ಮತ್ತೆ ಕೂಡುತ್ತದೆ ಹೇಗೂ.

ಎರಡು ಗಂಟೆಗೆ ಎರಡನೇ ಪತ್ರಿಕೆ.
ಚಪ್ಪಲಿ ಬಾಗಿಲಲ್ಲೇ ಬಿಟ್ಟೆ.